ತೂಬಿನ ಪಕ್ಕದಲ್ಲಿ ತಂಬೂರಿ

ಊರಿಗೆಲ್ಲ ನೀರು ಹಂಚುವವನ ಮನೆಯ ನಲ್ಲಿ ಸೋರುತ್ತದೆ ಎಂಬ ಗಾದೆ ನಮ್ಮಲ್ಲಿ ಇಲ್ಲ. ಇರಬೇಕಾಗಿತ್ತು. ದರ್ಜಿಯ ಅಂಗಿಗೆ ಗುಂಡಿ ಇರುವುದಿಲ್ಲ, ಡಾಕ್ಟರ ಮನೆಯಲ್ಲಿ ಸದಾ ಯಾರಾದರೊಬ್ಬರು ಕೆಮ್ಮುತ್ತಿರುತ್ತಾರೆ, ಇವನ್ನೆಲ್ಲ ಗಮನಿಸಿದ ಹಿರಿಯರು ನೀರಾವರಿ ಎಂಜಿನಿಯರನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಬಹುಶಃ ಆಗ ನಾವು ಹುಟ್ಟಿರಲಿಲ್ಲ. ನಾನು ಚನ್ನರಾಯಪಟ್ಟಣ, ಅರಕಲಗೂಡು, ಹೊಳೆನರಸೀಪುರ ಎಂದು ವರ್ಗವಾಗುತ್ತಾ ಕೊನೆಗೆ ಹಾಸನದಲ್ಲಿ ಬಿಡಾರ ಹೂಡಿದ ನೀರಾವರಿ ಇಲಾಖೆಯ ಎಂಜಿನಿಯರು. ನಾಲೆಯ ಗೇಟು ಎತ್ತಿಸಿದ್ದೇನೆ, ಇಳಿಸಿದ್ದೇನೆ. ಕೊನೆಯ ಹೊಲಕ್ಕೆ ನೀರು ಬರಲಿಲ್ಲವೆಂದು ದಂಡಿಗನಹಳ್ಳಿ ಕಡೆಯ ರೈತರು ಜೀಪಿಗೆ ಅಡ್ಡ ನಿಂತಾಗ, ಬಾನೆಟ್ಟಿನ ಮೇಲೆ ನಕ್ಷೆ ಹರಡಿ, ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆ ಎಂಬ ವಿಷಯವನ್ನು ಅವರಿಗೇ ವಿವರಿಸಿ ಬೈಸಿಕೊಂಡಿದ್ದೇನೆ. ಇಂಥ ನನ್ನನ್ನು ಹೆಬ್ಬೆರಳು ತೂರುವಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಪೈಪು, ಅದೂ ನನ್ನ ಸ್ವಂತ ನಡುಮನೆಯಲ್ಲಿ, ಹೆಂಡತಿಯ ಎದುರಿಗೇ ಸೋಲಿಸಿಬಿಟ್ಟಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಒಂದು ದೊಡ್ಡ ಹೋಟೆಲಿನಲ್ಲಿ ನಮಗೆ ಊಟವಿತ್ತು. ಉಳಿದವರು ಜಾಮೂನಿನ ಮೇಲೆ ಮುಗಿಬಿದ್ದಿದ್ದಾಗ ನಾನು ಅಲ್ಲಿದ್ದ ಮೀನಿನ ತೊಟ್ಟಿಯ ಹಿಂದೆ ತಲೆ ತೂರಿಸಿ ನಿಂತಿದ್ದೆ. ಎಲ್ಲರ ಮನೆಯ ತೊಟ್ಟಿಯಂತೆ ಅದರೊಳಗೆ ಬುರುಬುರು ಎನ್ನುವ ಯಂತ್ರವಿರಲಿಲ್ಲ. ನೀರು ಮೇಲಂಚಿಗೆ ಬಂದು, ಮೂಲೆಯ ಒಂದು ಗಾಜಿನ ಅರೆಗೆ ಧುಮುಕಿ, ಅಲ್ಲಿಂದ ಪೈಪಿನ ಮೂಲಕ ಕೆಳಗಿನ ಬೀರುವಿನಲ್ಲಿ ಬಚ್ಚಿಟ್ಟ ಇನ್ನೊಂದು ತೊಟ್ಟಿಗೆ ಇಳಿದು, ಜಲ್ಲಿ ಸ್ಪಂಜುಗಳಲ್ಲಿ ಶುದ್ಧವಾಗಿ, ಪುಟ್ಟ ಮೋಟಾರಿನಿಂದ ಮತ್ತೆ ಮೇಲೇರುತ್ತಿತ್ತು. ನೋಡಿ ನನ್ನ ಎದೆ ತುಂಬಿ ಬಂತು. ಕೆರೆ ಇದೆ, ಕೋಡಿ ಇದೆ, ತೂಬು ಇದೆ, ಏತ ನೀರಾವರಿ ಇದೆ. ಭೂಸ್ವಾಧೀನದ ರಗಳೆ ಮಾತ್ರ ಇಲ್ಲ. ಒಬ್ಬ ಎಂಜಿನಿಯರು ಜೀವಮಾನದಲ್ಲಿ ಇನ್ನೇನು ಕೇಳಿಯಾನು? ಹಾಸನಕ್ಕೆ ಬಂದವನೇ ಯೋಜನೆ ಹಾಕಿದೆ. ಗಾಜಿನಂಗಡಿಯವನು ತಳಕ್ಕೆ ತೂತು ಕೊರೆಯಲು ಹೋಗಿ ಗಾಜು ಒಡೆದ, ಮತ್ತೆ ಒಡೆದ, ಆಮೇಲೆ "ಸಾ, ನೀವು ಅಂಗಡಿ ಒಳಗೆ ನಿಂತ್ಕಂಡ್ರೆ ನನ್ ಕೈ ನಡುಗ್ತದೆ, ಆಚೆ ಓಗಿ ಟೀ ಕುಡ್ಕಂಡ್ ಬನ್ನಿ" ಅಂದ. ಟೀ ಕುಡಿದು ಬರುವಷ್ಟರಲ್ಲಿ ತೂತು ಆಗಿತ್ತು. ಇದರಲ್ಲಿ ನನಗೆ ಪಾಠವಿತ್ತೋ ಏನೋ, ಆಗ ಹೊಳೆಯಲಿಲ್ಲ.

ತೊಟ್ಟಿ ನಡುಮನೆಯಲ್ಲಿ ಪ್ರತಿಷ್ಠಾಪನೆಯಾಯಿತು. ಕೆಂಪು ಮೀನು, ಪಟ್ಟೆ ಮೀನು, ಬಾಲವನ್ನು ಸೆರಗಿನಂತೆ ಹಾರಿಸುವ ಮೀನು, ಎಲ್ಲವೂ ಬಂದವು. ಮೋಟಾರಿನ ಗುಂಡಿ ಒತ್ತಿದೆ. ನೀರು ಏರಿತು, ಕೋಡಿ ಬಿತ್ತು, ಪೈಪಿಗೆ ಇಳಿಯಿತು. ಆಗ ಶುರುವಾಯಿತು ನೋಡಿ ಸದ್ದು! ಗಟಗಟಗಟ… ಗುಳುಕ್… ಸೊರ್‍ರ್‍ರ್… ಒಂದು ಕ್ಷಣ ಮೌನ. ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಗುಳುಕ್! ಕೆಳಗಿನ ತೊಟ್ಟಿಯ ಕಥೆ ಬೇರೆ. ಪೈಪಿನಿಂದ ನೀರಿನ ಜೊತೆಗೆ ಗಾಳಿಯೂ ನುಗ್ಗಿ, ಸೋಡಾ ಬಾಟಲಿಯಂತೆ ನೊರೆಯೆದ್ದು, ಆ ಸಣ್ಣ ಸಣ್ಣ ಗುಳ್ಳೆಗಳು ಮೋಟಾರಿನೊಳಗೆ ಹೋಗಿ ಮೇಲಿನ ತೊಟ್ಟಿಗೂ ಬಂದು ಮೀನುಗಳ ಮೀಸೆಗೆ ಅಂಟಿಕೊಳ್ಳುತ್ತಿದ್ದವು. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಭಾನುವಾರ ಕಾಫಿಗೆ ಬಂದವರು ಯಾಕೋ ಜಗಲಿಯ ಕುರ್ಚಿಯಲ್ಲಿ ಅತ್ತಿತ್ತ ಹೊರಳಾಡುತ್ತಲೇ ಇದ್ದರು. ಎರಡನೇ ಸಲ ಕಾಫಿ ಕೊಟ್ಟರೆ ಬೆಚ್ಚಿಬಿದ್ದು ಬೇಡವೆಂದರು. ಮಾತು ಅರ್ಧಕ್ಕೇ ನಿಲ್ಲಿಸಿ ಸ್ಕೂಟರ್ ಹತ್ತಿ ಹೊರಟೇ ಹೋದರು. ಮಾರನೇ ದಿನ ಕಚೇರಿಯಲ್ಲಿ ಗುಟ್ಟು ಹೊರಬಿತ್ತು. "ಅಲ್ರೀ, ಬಾತ್‌ರೂಮಿಗೆ ಹೋಗ್ಬೇಕು ಅಂತ ಕಾದಿದ್ದೇ ಕಾದಿದ್ದು. ಒಳಗೆ ನೀರಿನ ಸದ್ದು ನಿಲ್ಲಲೇ ಇಲ್ಲ. ನಿಮ್ಮನೇಲಿ ಯಾರು ಅಷ್ಟೊತ್ತು ಸ್ನಾನ ಮಾಡೋದು?" ಅಂದರು.

ಇದೆಲ್ಲ ನಗುವ ವಿಷಯ. ನಗಲಾಗದ ವಿಷಯವೆಂದರೆ ನನ್ನ ಹೆಂಡತಿ ರತ್ನಳದು. ರತ್ನ ಕೊಣನೂರಿನ ಗದ್ದೆ ಮನೆತನದ ಮಗಳು. ಆ ಮನೆಯಲ್ಲಿ ಭತ್ತ, ಎಮ್ಮೆ, ಪಂಚಾಯ್ತಿ ಬಿಟ್ಟರೆ ಬೇರೆ ಮಾತಿಲ್ಲ. ಅಂಥಲ್ಲಿ ಇವಳು ಹೇಗೋ ಕಂಠ ಹೊತ್ತು ಹುಟ್ಟಿದಳು. ನನ್ನ ಮಾವ ಮಗಳನ್ನು ಹೊಳೆನರಸೀಪುರದ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟು, ಅಲ್ಲಿನ ವೃದ್ಧ ಸಂಗೀತದ ಮೇಷ್ಟರೊಬ್ಬರ ಬಳಿ ಪಾಠ ಹೇಳಿಸಿದರು. ರೇಡಿಯೋದಲ್ಲಿ ಹಾಡಬೇಕೆಂಬುದು ಅವಳ ಒಂದೇ ಆಸೆ. ಧ್ವನಿಪರೀಕ್ಷೆಗೆ ಕರೆ ಬರುವ ಹೊತ್ತಿಗೆ ನನ್ನೊಂದಿಗೆ ಮದುವೆಯಾಯಿತು. ಆಮೇಲೆ ನನ್ನ ವರ್ಗ, ಮತ್ತೆ ವರ್ಗ. ಸಾಮಾನು ಕಟ್ಟುವುದು, ಬಿಚ್ಚುವುದು. ತಂಬೂರಿ ಅಟ್ಟ ಸೇರಿತು. ಹಾಸನಕ್ಕೆ ಬಂದ ಮೇಲೆ ಧೂಳು ಒರೆಸಿ ಮತ್ತೆ ಸಾಧನೆಗೆ ಕೂತಿದ್ದಳು. ಅರ್ಜಿ ಹಾಕಿದ್ದಳು. ಕರೆಯೂ ಬಂತು. ಅವಳ ಮುಖದಲ್ಲಿ ಆವತ್ತು ಕಂಡ ಸಂತೋಷವನ್ನು ನಾನು ನಮ್ಮ ಮದುವೆಯ ಫೋಟೋದಲ್ಲಿ ಹುಡುಕಿದ್ದೇನೆ, ಸಿಕ್ಕಿಲ್ಲ.

ಸಾಧನೆಗೆ ಇದ್ದ ಜಾಗ ನಡುಮನೆಯೊಂದೇ. ಮಲಗುವ ಕೋಣೆಯ ಗೋಡೆಗೆ ಅಂಟಿದಂತೆ ಪಕ್ಕದವರ ಹಿಟ್ಟಿನ ಗಿರಣಿ. ಅಲ್ಲಿ ರಾಗಿ ಬೀಸಲು ಶುರುವಾದರೆ ಮಂಚವೇ ನಡೆದಾಡುತ್ತಿತ್ತು. ಅಡಿಗೆಮನೆಯಲ್ಲಿ ಕೂತರೆ ಕುಕ್ಕರು ಮೇಲಿನ ಷಡ್ಜ ಹಿಡಿಯುತ್ತಿತ್ತು. ಹಾಗಾಗಿ ತೂಬಿನ ಪಕ್ಕದಲ್ಲೇ ತಂಬೂರಿ. ರತ್ನ ಕಣ್ಣು ಮುಚ್ಚಿ ಕಾಂಭೋಜಿಯ ಆಲಾಪನೆಯನ್ನು ಮೆಲ್ಲಗೆ ಮೇಲಕ್ಕೆ ಒಯ್ದು, ಒಂದು ಸ್ವರದ ಮೇಲೆ ನಿಂತು, ಅದನ್ನು ತೆಳ್ಳಗೆ, ಇನ್ನೂ ತೆಳ್ಳಗೆ ಎಳೆಯುತ್ತಿದ್ದಾಗ ಪೈಪು ಗುಳುಕ್ ಎಂದಿತು. ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಪೈಪನ್ನು ನೋಡಲಿಲ್ಲ, ನನ್ನನ್ನು.

"ಮೋಟಾರು ನಿಲ್ಲಿಸಿಬಿಡಲಾ?" ಅಂದೆ.

"ನಾನು ಬೆಳಿಗ್ಗೆ, ಸಾಯಂಕಾಲ, ಗಂಟೆಗಟ್ಟಲೆ ಹಾಡೋಳು. ಅಷ್ಟೊತ್ತು ನಿಲ್ಲಿಸಿದ್ರೆ ಕೆಳಗಿನ ಸ್ಪಂಜು ನಾತ ಹೊಡೆಯುತ್ತೆ ಅಂತ ನೀವೇ ಹೇಳಿದ್ರಿ. ಅಲ್ಲದೆ ಮತ್ತೆ ಚಾಲೂ ಮಾಡಿದಾಗ ಅದು ತೇಗೋದು ಇದಕ್ಕಿಂತ ಜೋರು. ನೋಡಿ, ಹತ್ತು ಹನ್ನೆರಡು ವರ್ಷ ನಿಮ್ಮ ನಾಲೆಗಳ ಹಿಂದೆ ಸುತ್ತಿದೀನಿ, ಒಂದು ಮಾತು ಅಂದಿಲ್ಲ. ಈಗ ನಿಮ್ಮ ತೂಬು ನನ್ನ ಶ್ರುತಿಗೆ ಅಡ್ಡ ಬರ್ತಿದೆ. ಇದರ ಬಾಯಿ ಮುಚ್ಚಿಸಿ. ಆಗಲ್ಲ ಅಂದ್ರೆ ಹೇಳಿ, ಮೀನುಗಳನ್ನ ನಾನೇ ಬಿಂದಿಗೆಗೆ ಹಾಕ್ಕೊಂಡು ಹೋಗಿ ಹೇಮಾವತಿಗೆ ಬಿಟ್ಟು ಬರ್ತೀನಿ."

ಅವಳ ಮಾತಿನಲ್ಲಿ ಕೋಪವಿದ್ದಿದ್ದರೆ ನಾನೂ ಜಗಳ ಆಡುತ್ತಿದ್ದೆ. ಇದ್ದದ್ದು ನ್ಯಾಯ. ನ್ಯಾಯದ ಎದುರು ಎಂಜಿನಿಯರು ಏನು ಮಾಡುತ್ತಾನೆ? ಕಾಮಗಾರಿ ಕೈಗೊಳ್ಳುತ್ತಾನೆ. ನಮ್ಮ ಇಲಾಖೆಯಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು. ನಾಲೆಯಲ್ಲಿ ತೊಂದರೆಯೇ? ಅಗಲ ಮಾಡು. ಪೈಪು ಚಿಕ್ಕದಾಗಿ ನೀರು ಉಸಿರುಗಟ್ಟಿ ಗಲಾಟೆ ಮಾಡುತ್ತಿದೆ, ದೊಡ್ಡದು ಹಾಕಿದರೆ ಸರಾಗವಾಗಿ ಇಳಿಯುತ್ತದೆ ಎಂದು ತೀರ್ಮಾನಿಸಿ, ತೂತು ಹಿಗ್ಗಿಸಿ, ಎರಡರಷ್ಟು ದಪ್ಪದ ಪೈಪು ಕೂರಿಸಿದೆ. ಗುಂಡಿ ಒತ್ತಿದೆ. ಅಬ್ಬಬ್ಬಾ! ಮೊದಲು ಅದು ಬಾಯಿ ಮುಕ್ಕಳಿಸುತ್ತಿತ್ತು, ಈಗ ಗಂಟಲು ಕ್ಯಾಕರಿಸತೊಡಗಿತು. ಪೈಪು ದೊಡ್ಡದಾದಷ್ಟೂ ನೀರಿನ ಪಕ್ಕದಲ್ಲಿ ಗಾಳಿ ಇಳಿಯಲು ಜಾಗ ಹೆಚ್ಚು, ಗಾಳಿ ನೀರು ಎರಡೂ ಒಂದೇ ಬಾಗಿಲಲ್ಲಿ ನುಗ್ಗಿ ಗುದ್ದಾಡುತ್ತವೆ ಎಂಬುದು ನನಗೆ ತಲೆಗೆ ಹೋಗಲು ಒಂದು ವಾರ ಹಿಡಿಯಿತು. ಆ ವಾರವೆಲ್ಲ ರತ್ನ ತಾರಸಿಯ ಮೇಲೆ, ಒಣಹಾಕಿದ ಹಪ್ಪಳಗಳ ನಡುವೆ, ಛತ್ರಿ ಹಿಡಿದು ಕೂತು ಹಾಡಿಕೊಂಡಳು. ಕೆಳಗಿನಿಂದ ಅದನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು.

ಅಷ್ಟರಲ್ಲಿ ಕೊಣನೂರಿನಿಂದ ಮಾವ ಬಂದರು. ಅಕ್ಕಿ ಮೂಟೆ ಇಳಿಸಿ, ಟವೆಲಿನಿಂದ ಮುಖ ಒರೆಸಿಕೊಂಡು ಕೂತವರು ಕಿವಿ ನಿಮಿರಿಸಿದರು. "ಇದೇನ್ ಅಳಿಯಂದ್ರೇ ಇದು, ಒಳಗೆ ಎಮ್ಮೆ ಕಟ್ಟಿದ್ದೀರಾ? ಕಲಗಚ್ಚು ಕುಡ್ದಂಗೆ ಸದ್ದು ಬತ್ತಾ ಅದೆ!" ತೊಟ್ಟಿ ತೋರಿಸಿದೆ. ಬಗ್ಗಿ ನೋಡಿದರು. ಪೈಪಿನ ಬಾಯಿಯ ಮೇಲೆ ನೀರು ಸುಳಿ ಸುತ್ತುತ್ತಿತ್ತು. "ಅಯ್ಯೋ, ಇದು ತೂಬು ಗಾಳಿ ಎಳ್ಕಂಡಂಗೆ ಕಣ್ರೀ. ನಮ್ಮೂರ ಕೆರೇಲೂ ನೀರು ಕಮ್ಮಿ ಆದಾಗ ಇಂಗೇ ಆಯ್ತಿತ್ತು. ಸೊಪ್ಪಿನ ಕಂತೆ ಬಿಟ್ರೆ ಸುಳಿ ಒಡ್ದು ಸುಮ್ಕಾಯ್ತದೆ. ತಡೀರಿ" ಎಂದು ಅಡಿಗೆಮನೆಗೆ ಹೋಗಿ, ಚಟ್ನಿಗೆ ತುರಿದು ಬಿಸಾಡಿದ್ದ ತೆಂಗಿನ ಕರಟವನ್ನು ತಂದು, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಪೈಪಿನ ಬಾಯಿಗೆ ಕವುಚಿ ಹಾಕಿಬಿಟ್ಟರು. ಸುಳಿ ಮಾಯ! ಸದ್ದೂ ಅರ್ಧ ಇಳಿಯಿತು. ಮಾವ ಮೀಸೆ ತಿರುವಿ, "ಎಷ್ಟ್ ವರ್ಷ ಓದುದ್ರಿ ಅಂದ್ರಿ ನೀವು?" ಎಂದು ಕೇಳಿ, ಊಟ ಮಾಡಿ, ಗೆದ್ದ ಜಟ್ಟಿಯಂತೆ ಬಸ್ಸು ಹತ್ತಿದರು. ಅವರು ಹೋದ ಮೂರು ದಿನಕ್ಕೆ ಕರಟದ ಬಣ್ಣ ಬಿಟ್ಟುಕೊಂಡು ತೊಟ್ಟಿಯ ನೀರೆಲ್ಲ ಕಾಫಿಯಾಯಿತು. ಮೀನುಗಳು ಡಿಕಾಕ್ಷನ್ನಿನಲ್ಲಿ ಅಲೆದಾಡುತ್ತಿದ್ದವು. ಕರಟ ತೆಗೆದೆ, ನೀರು ಬದಲಿಸಿದೆ. ಫೋನಿನಲ್ಲಿ ವಿಷಯ ತಿಳಿಸಿದರೆ ಮಾವ ಸೋಲೊಪ್ಪಲಿಲ್ಲ. "ಬಣ್ಣ ಬಂದ್ರೇನ್ರೀ, ಸದ್ದು ನಿಂತಿತ್ತಾ ಇಲ್ವಾ?" ಅಂದರು.

ಕರಟದಿಂದ ನನಗೆ ಬುದ್ಧಿಯೇನೋ ಬಂತು. ಗಾಳಿಯನ್ನು ಬಾಯಲ್ಲೇ ತಡೆಯಬೇಕು. ಹಿಗ್ಗಿದ ತೂತಿಗೆ ರಬ್ಬರಿನ ಬಿರಡೆ ಕೊಟ್ಟು ಹಳೆಯ ಸಣ್ಣ ಪೈಪನ್ನೇ ವಾಪಸು ಹಾಕಿ, ಅದರ ತುದಿಗೆ ಮೊಣಕೈ ಎಂದು ಕರೆಯುವ ಬಾಗಿದ ಪೈಪಿನ ತುಂಡು ಜೋಡಿಸಿ, ಬಾಯಿ ಕೆಳಮುಖವಾಗಿ ನೀರಿನೊಳಗೇ ಮುಳುಗಿರುವಂತೆ ಮಾಡಿದೆ. ಕೆಳಗೆ, ಪೈಪಿನ ನಡುವೆ, ಒಂದು ತಿರುಗುವ ವಾಲ್ವ್ ಕೂರಿಸಿದೆ. ಕೆಳತೊಟ್ಟಿಯಲ್ಲಿ ಆಳಕ್ಕೆ ಮುಳುಗಿದ್ದ ಪೈಪಿನ ತುದಿಯನ್ನು ಕತ್ತರಿಸಿ, ಬೆರಳಿನಷ್ಟು ಮಾತ್ರ ನೀರಲ್ಲಿರುವಂತೆ ಮಾಡಿ, ಕಾಫಿ ಸೋಸುವ ಬಟ್ಟೆಯನ್ನು ಚೀಲದಂತೆ ಕಟ್ಟಿದೆ. ಗುಳ್ಳೆಗಳೆಲ್ಲ ಚೀಲದಲ್ಲೇ ಒಡೆದು ಹೋದವು; ಮೀನುಗಳ ಮೀಸೆ ಸ್ವಚ್ಛವಾಯಿತು. ಕಾಫಿ ಸೋಸುವ ಬಟ್ಟೆ ಎಲ್ಲಿ ಹೋಯಿತೆಂದು ರತ್ನ ಹುಡುಕಿದಾಗ ನಾನು ಪೇಪರ್ ಓದುತ್ತಿದ್ದೆ. ಆದರೆ ಮೇಲಿನ ಗುಳುಕ್ ಮಾತ್ರ ಹೋಗಲೇ ಇಲ್ಲ. ಕಡಿಮೆಯಾಗಿತ್ತು, ಮೊದಲಿನ ಹಾಗೆ ಎಡೆಬಿಡದೆ ಬರುತ್ತಿರಲಿಲ್ಲ. ಬಂದಾಗ ಮಾತ್ರ ಸರಿಯಾಗಿ ಕಾಂಭೋಜಿಯ ನಿಷಾದಕ್ಕೆ ಬರುತ್ತಿತ್ತು.

ಪರೀಕ್ಷೆ ಹತ್ತಿರವಾಯಿತೆಂದು ಹೊಳೆನರಸೀಪುರದ ಮೇಷ್ಟರು ಬಸ್ಸು ಹತ್ತಿ ಬಂದರು. ಎಂಬತ್ತರ ಹತ್ತಿರದ ವಯಸ್ಸು, ಪಂಚೆ, ಕೋಟು, ಕೋಟಿನ ಜೇಬಲ್ಲಿ ಕಲ್ಲುಸಕ್ಕರೆ. ಶಿಷ್ಯೆಯ ಹಾಡನ್ನು ಕೇಳುತ್ತಾ ತಲೆದೂಗುತ್ತಿದ್ದವರು ಗುಳುಕ್ ಕೇಳಿ ಕೈಯೆತ್ತಿ ನಿಲ್ಲಿಸಿದರು. "ಯಾರಪ್ಪಾ ಅದು? ತಾಳವಾದ್ರೂ ಇದೆಯಾ ಇವನಿಗೆ?" ಇನ್ನೆರಡು ಗುಳುಕ್‌ಗಳನ್ನು ತೊಡೆಯ ಮೇಲೆ ಬೆರಳು ಮಡಿಸಿ ಎಣಿಸಿ ನೋಡಿದರು. "ಇಲ್ಲ. ಲಯಶುದ್ಧಿಯೇ ಇಲ್ಲ. ರತ್ನಾ, ಈ ಪಕ್ಕವಾದ್ಯದವನನ್ನ ಕಳಿಸಿಬಿಡಮ್ಮಾ" ಎಂದು ನಗದೇ ಹೇಳಿದರು. ನಾನು ಭೂಮಿಗಿಳಿದು ಹೋದೆ. ಅವರು ತಂಬೂರಿಯನ್ನು ತೊಡೆಯ ಮೇಲೆ ಎಳೆದುಕೊಂಡು, ತಂತಿಯ ಕೆಳಗಿನ ನೂಲಿನ ಎಳೆಯನ್ನು ಕೂದಲಿನಷ್ಟು ಮುಂದೆ, ಕೂದಲಿನಷ್ಟು ಹಿಂದೆ ಸರಿಸುತ್ತಾ ಮೀಟತೊಡಗಿದರು. ನೂಲು ಸರಿಯಾದ ಜಾಗಕ್ಕೆ ಬಂದಾಗ ಮೊಂಡಾಗಿದ್ದ ತಂತಿ ಝೇಂ ಎಂದು ತುಂಬಿಕೊಂಡಿತು. ಅದನ್ನೇ ನೋಡುತ್ತಿದ್ದ ರತ್ನ ಇದ್ದಕ್ಕಿದ್ದಂತೆ ಎದ್ದಳು. ಸ್ಟೂಲು ಎಳೆದು ತೊಟ್ಟಿಯ ಮುಂದೆ ಹಾಕಿ ಹತ್ತಿದಳು.

"ರೀ, ಈ ಮೊಣಕೈ ಒಳಗೆ ಗಾಳಿ ಸಿಕ್ಕಿಹಾಕ್ಕೊಂಡಿರುತ್ತೆ ಅಲ್ವಾ? ಅದಕ್ಕೆ ಬೇರೆ ದಾರಿ ಕೊಟ್ರೆ?"

"ಕೊಡಬಹುದು, ಆದ್ರೆ ಎಷ್ಟು ಕೊಡಬೇಕು ಅಂತ ಲೆಕ್ಕ ಹಾಕ್ಬೇಕು…"

"ಲೆಕ್ಕ ಆಮೇಲೆ ಹಾಕೋರಂತೆ. ನಿಮ್ಮ ಸಾಮಾನಿನ ಡಬ್ಬೀಲಿ ಉಳಿದಿರೋ ಆ ಸಣ್ಣ ಕೊಳವೆ ಕೊಡಿ. ನೀವು ಕೆಳಗೆ ಮಲಗಿ ವಾಲ್ವ್ ಹಿಡ್ಕೊಳ್ಳಿ. ನಾನು ಹೇಳಿದ ಹಾಗೆ ತಿರುಗಿಸಿ."

ಮೊಣಕೈಯ ನೆತ್ತಿಗೆ ತೂತು ಮಾಡಿ, ಬಳಪದ ಕಡ್ಡಿಯಷ್ಟು ಸಣ್ಣ ಕೊಳವೆಯನ್ನು ಅವಳು ಒಳಗೆ ಇಳಿಬಿಟ್ಟಳು. ನಾನು ಬೀರುವಿನೊಳಗೆ ತಲೆ ತೂರಿಸಿ ಅಂಗಾತ ಮಲಗಿದೆ. ಮೇಲಿನಿಂದ ಅಪ್ಪಣೆಗಳು ಬರತೊಡಗಿದವು. "ಸ್ವಲ್ಪ ಮುಚ್ಚಿ. ಇನ್ನೂ. ಅಯ್ಯೋ ದಾಟಿತು, ನೀರು ಏರ್ತಾ ಇದೆ, ಬಿಡಿ ಬಿಡಿ! ಹಾಂ, ಅಲ್ಲೇ. ಈಗ ನಾನು ಕೊಳವೆ ಎತ್ತುತ್ತೀನಿ…" ಅವಳು ಕೊಳವೆಯನ್ನು ಕೂದಲಿನಷ್ಟು ಮೇಲೆ, ಕೂದಲಿನಷ್ಟು ಕೆಳಗೆ ಆಡಿಸುತ್ತಾ ಕಿವಿಯನ್ನು ಪೈಪಿಗೆ ಕೊಟ್ಟಿದ್ದಳು. ಗಟಗಟ ಎಂಬುದು ಸೊರ್ ಎಂದಾಯಿತು, ಸೊರ್ ಎಂಬುದು ಸುಯ್ ಎಂದಾಯಿತು. ಆಮೇಲೆ ಏನೂ ಇಲ್ಲ. ನೀರು ಇಳಿಯುತ್ತಲೇ ಇದೆ, ಕೆಳಗಿನ ಚೀಲ ಉಬ್ಬುತ್ತಲೇ ಇದೆ, ಸದ್ದಿಲ್ಲ! ನನಗೆ ಕುಣಿಯುವಷ್ಟು ಸಂತೋಷವಾಯಿತು. ಎದ್ದು ಕುಣಿಯಲು ಹೋಗಿ ಬೀರುವಿನ ಹಲಗೆಗೆ ಹಣೆ ಬಡಿಸಿಕೊಂಡೆ. ಮೇಷ್ಟರು ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡು, "ಭೇಷ್! ಈಗ ಆ ಕಾಂಭೋಜಿ ಮತ್ತೆ ತಗೋ" ಅಂದರು. ಗಾಳಿಗೊಂದು ದಾರಿ, ನೀರಿಗೊಂದು ದಾರಿ ಮಾಡಿಕೊಟ್ಟರೆ ಜಗಳವಿಲ್ಲವೆಂದು ಆಮೇಲೆ ನಾನು ಕಚೇರಿಯಲ್ಲಿ ಚಿತ್ರ ಬರೆದು ಎಲ್ಲರಿಗೂ ವಿವರಿಸಿದೆ. ಕಂಡುಹಿಡಿದವರು ಯಾರೆಂದು ಯಾರೂ ಕೇಳಲಿಲ್ಲವಾದ್ದರಿಂದ ಹೇಳುವ ಪ್ರಸಂಗ ಬರಲಿಲ್ಲ.

ರತ್ನ ಪಾಸಾದಳು. ಧ್ವನಿಮುದ್ರಣವೂ ಆಯಿತು. ಪ್ರಸಾರದ ಸಂಜೆ ನಮ್ಮ ನಡುಮನೆ ತುಂಬಿಹೋಯಿತು. ಮಾವ ಕೊಣನೂರಿನಿಂದ ಅರ್ಧ ಬಸ್ಸು ನೆಂಟರನ್ನೇ ಕರೆತಂದಿದ್ದರು. ಕರೆಂಟನ್ನು ನಂಬದೆ ಸೆಲ್ಲು ಹಾಕಿದ ತಮ್ಮ ರೇಡಿಯೋವನ್ನೂ ಕಂಕುಳಲ್ಲಿ ತಂದಿದ್ದರು. ಮೇಷ್ಟರಿಗೆ ಒರಗುಕುರ್ಚಿ. ನಾನು ಹಬ್ಬಕ್ಕೆ ಹೊಲಿಸಿದ್ದ ರೇಷ್ಮೆ ಜುಬ್ಬ ತೊಟ್ಟಿದ್ದೆ. ರತ್ನ ಮಾತ್ರ ನಾಚಿಕೆಯಿಂದ ಅಡಿಗೆಮನೆ ಸೇರಿ ಬಾಗಿಲು ಮರೆಮಾಡಿಕೊಂಡಿದ್ದಳು. ಮಾವ ಊಹಿಸಿದಂತೆಯೇ ಕರೆಂಟು ಹೋಯಿತು. "ನಾನ್ ಏಳ್ಳಿಲ್ವಾ!" ಎಂದು ಅವರು ರೇಡಿಯೋದ ಕಿವಿ ತಿರುಗಿಸಿದರು. ಮೇಣದ ಬತ್ತಿಯ ಬೆಳಕಿನಲ್ಲಿ ರತ್ನಳ ಹೆಸರು ರೇಡಿಯೋದಲ್ಲಿ ಬಂದಾಗ ನೆಂಟರೆಲ್ಲ ಓಹೋ ಎಂದರು, ಮಾವ ಎಲ್ಲರನ್ನೂ "ಶ್! ಸುಮ್ಕಿರ್‍ರಲಾ!" ಎಂದು ಗದರಿದರು. ಹಾಡು ಶುರುವಾಯಿತು. ಆಲಾಪನೆ ಇನ್ನೂ ಮೇಲೇರಿರಲಿಲ್ಲ, ಪಟ್ಟನೆ ಕರೆಂಟು ಬಂತು. ಲೈಟು ಬಂತು, ಫ್ಯಾನು ಬಂತು, ಮೋಟಾರೂ ಬಂತು.

ನನಗೆ ಮಾತ್ರ ಗೊತ್ತಿತ್ತು. ಬೆಳಿಗ್ಗೆ ನೆಂಟರು ಬರುತ್ತಾರೆಂದು ತೊಟ್ಟಿ ಉಜ್ಜಿದವನು ಆ ಸಣ್ಣ ಕೊಳವೆಯನ್ನು ತೆಗೆದು, ಆಮೇಲೆ ಸುಮ್ಮನೆ ಅಂದಾಜಿನಲ್ಲಿ ಸಿಕ್ಕಿಸಿಟ್ಟಿದ್ದೆ. ಕರೆಂಟು ಹೋಗುವವರೆಗೆ ನೆಂಟರ ಗದ್ದಲದಲ್ಲಿ ಅದರ ಗುಳುಕ್ ಯಾರ ಕಿವಿಗೂ ಬಿದ್ದಿರಲಿಲ್ಲ. ನೀರು ಏರುತ್ತಿದೆ, ಕೋಡಿ ಬೀಳುತ್ತದೆ, ಇನ್ನು ಕೆಲವೇ ಕ್ಷಣದಲ್ಲಿ ಪೈಪು ಇಷ್ಟು ಜನರ ಮುಂದೆ, ಇಷ್ಟು ವರ್ಷದ ಆಸೆಯ ಮೇಲೆ, ತೇಗುತ್ತದೆ. ಗುಂಡಿ ಆರಿಸೋಣವೆಂದರೆ ಅದು ನೆಂಟರ ಗುಂಪಿನ ಆಚೆ ಗೋಡೆಯಲ್ಲಿತ್ತು. ಒಂದೇ ನೆಗೆತಕ್ಕೆ ತೊಟ್ಟಿಯ ಬಳಿ ಹೋಗಿ, ಜುಬ್ಬದ ತೋಳು ಮಡಿಸಲೂ ಪುರಸೊತ್ತಿಲ್ಲದೆ, ಮೊಣಕೈವರೆಗೆ ನೀರಿಗೆ ಕೈ ಹಾಕಿ ಕೊಳವೆ ಹಿಡಿದೆ. ಮೇಲೆತ್ತಿದೆ, ಕೆಳಗಿಳಿಸಿದೆ, ಕಿವಿಯನ್ನು ಪೈಪಿಗೆ ಕೊಟ್ಟೆ. ಸೊರ್… ಸುಯ್… ಸಿಕ್ಕಿತು! ಕೈ ಕದಲಿಸುವಂತಿಲ್ಲ. ಪಟ್ಟೆ ಮೀನೊಂದು ಬಂದು ನನ್ನ ಉಂಗುರವನ್ನು ಕುಟುಕತೊಡಗಿತು. ಕುಟುಕಲಿ. ಉಸಿರು ಬಿಗಿಹಿಡಿದು, ಬಗ್ಗಿದ ಸೊಂಟ ಬಗ್ಗಿದಂತೆಯೇ, ಕಾರ್ಯಕ್ರಮ ಮುಗಿಯುವವರೆಗೆ ಹಾಗೆಯೇ ನಿಂತೆ.

ಮುಗಿಯಿತು. ಮಾವ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೇಷ್ಟರು ಕಣ್ಣು ಮುಚ್ಚಿ ಕೂತೇ ಇದ್ದರು. ರತ್ನ ಅಡಿಗೆಮನೆಯಿಂದ ಹೊರಬಂದಳು. ಅಪ್ಪನನ್ನೂ ಗುರುಗಳನ್ನೂ ದಾಟಿ ನೇರವಾಗಿ ನನ್ನ ಮುಂದೆ ನಿಂತಳು.

"ನೀವು ಹೇಳಿ. ಹೇಗಿತ್ತು?"

ನನ್ನ ಮನಸ್ಸು ಗೆಲುವಿನಿಂದ ಉಕ್ಕುತ್ತಿತ್ತು. "ಒಂದೇ ಒಂದು ಗುಳ್ಳೆ ಏಳಲಿಲ್ಲ ಕಣೇ!" ಅಂದೆ.

ರತ್ನ ನನ್ನ ತೊಟ್ಟಿಕ್ಕುವ ತೋಳು ನೋಡಿದಳು, ಕೈಯಲ್ಲಿದ್ದ ಕೊಳವೆ ನೋಡಿದಳು. "ಅಂದ್ರೆ ನೀವು ಕೇಳಲೇ ಇಲ್ಲ" ಅಂದಳು. ಸುಳ್ಳು ಹೇಳೋಣವೆಂದರೆ ಯಾವ ರಾಗವನ್ನು ಹೊಗಳಬೇಕೆಂದೂ ತಿಳಿಯದೆ ಹೌದೆಂದು ತಲೆಯಾಡಿಸಿದೆ. ಅವಳು ಒಂದು ಕ್ಷಣ ತುಟಿ ಬಿಗಿಹಿಡಿದು ನಿಂತು, ಆಮೇಲೆ ತಡೆಯಲಾರದೆ ನಕ್ಕಳು. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾಳೆ ಸಾಯಂಕಾಲ ಕೂತ್ಕೊಳ್ಳಿ, ನಿಮಗೊಬ್ಬರಿಗೇ ಹಾಡ್ತೀನಿ. ಜುಬ್ಬ ಬಿಚ್ಚಿ ಕೊಡಿ, ನೆನೆಹಾಕ್ತೀನಿ."

ಮಾರನೇ ದಿನ ನೆಂಟರೆಲ್ಲ ಹೋದ ಮೇಲೆ ನಾನೇ ನನ್ನ ಕೈಯಾರೆ ಮೋಟಾರು ಆರಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ರತ್ನ ತಂಬೂರಿ ಹಿಡಿದಳು. ಹಿಂದಿನ ದಿನ ರೇಡಿಯೋದಲ್ಲಿ ಬಂದದ್ದನ್ನೆಲ್ಲ, ಅದಕ್ಕಿಂತ ಹೆಚ್ಚಾಗಿಯೇ, ಹಾಡಿದಳು. ನಾನು ಕೇಳಿದೆ. ನೀರಿನ ಕಡೆ ಕಿವಿ ಇಲ್ಲದೆ ಕೇಳಿದ್ದು ಅದೇ ಮೊದಲು. ಹಾಡು ಮುಗಿದ ಮೇಲೂ ಚಾಪೆ ಬಿಟ್ಟು ಏಳದೆ ಕೂತೇ ಇದ್ದೆ.

"ರೀ, ಹೇಗಿತ್ತು ಅಂತ ಕೇಳಲ್ಲ, ಬಿಡಿ" ಅಂದಳು ರತ್ನ. "ಮೊದಲು ಎದ್ದು ಮೋಟಾರು ಹಾಕಿ. ಮೀನುಗಳು ಗಾಳಿ ಇಲ್ಲದೆ ಮೇಲೆ ಬಂದು ಬಾಯಿ ಬಿಡ್ತಾ ಇವೆ ನೋಡಿ."

ತಿರುಗಿ ನೋಡಿದೆ. ನಿಜ, ಎಲ್ಲವೂ ನೀರಿನ ಮೇಲ್ಮೈಗೆ ಬಂದು ಸಾಲಾಗಿ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದವು. ಅವುಗಳ ಪಕ್ಕದಲ್ಲಿ ಗಾಜಿನೊಳಗೆ ಇನ್ನೊಂದು ಮುಖವೂ ಕಾಣುತ್ತಿತ್ತು, ಬಾಯಿ ಅಷ್ಟೇ ಅಗಲಕ್ಕೆ ತೆರೆದಿತ್ತು. ಅದು ಮುಚ್ಚುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡಿದ್ದರಿಂದ ನನ್ನದೇ ಎಂದು ಗುರುತು ಸಿಕ್ಕಿತು.